ಖಾಲಿ ಜಾಗಕ್ಕೂ ಬೀಗ

ನಮ್ಮ ಸೋದರಮಾವ ಈ ಲೋಕದಲ್ಲಿ ಏನನ್ನೂ ನಂಬುವುದಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ಶುದ್ಧ ಸುಳ್ಳು! ಅವರು ಪ್ರೆಶರ್ ಕುಕ್ಕರನ್ನು ನಂಬುತ್ತಾರೆ. "ಅದೊಂದಾ ನೋಡು, ತನ್ನ ಹೊಟ್ಟಿಯೊಳಗ ಏನು ನಡದೈತಿ ಅನ್ನೋದನ್ನ ಓಣಿಗೆಲ್ಲ ಕೇಳೋ ಹಂಗ ಕೂಗಿ ಹೇಳತೈತಿ" ಎನ್ನುತ್ತಾರೆ. ಉಳಿದಂತೆ ಹಾಲಿನವನು, ಗ್ಯಾಸಿನವನು, ಟೀವಿಯಲ್ಲಿ ಹವಾಮಾನ ಓದುವಾಕೆ, ಎದುರು ಮನೆಯ ಬೆಕ್ಕು, ಹೀಗೆ ಎಲ್ಲರ ಮೇಲೂ ಅವರಿಗೆ ಒಂದೊಂದು ಗುಮಾನಿ. ಬೆಕ್ಕಿನ ಮೇಲೆ ಎರಡು. ಬಳ್ಳಾರಿಯಲ್ಲಿ ಬಿಸಿಲು ಒಂದಿಷ್ಟು ಏರಿದರೆ ಅದರಲ್ಲೂ ಕೂಲರ್ ಮಾರುವವರ ಕೈವಾಡ ಇದೆ ಎಂಬುದು ಅವರ ಖಚಿತ ಅಭಿಪ್ರಾಯ.

ಇದಕ್ಕೆ ಅವರ ನೌಕರಿಯೂ ಸ್ವಲ್ಪ ಕಾರಣ ಎನ್ನಿ. ಬ್ಯಾಂಕಿನಲ್ಲಿ ಹೆಡ್ ಕ್ಯಾಷಿಯರ್ ಆಗಿ ನಿವೃತ್ತರಾದವರು. ಅಲ್ಲಿ ನಗದು ಇಡುವ ಕೋಣೆಗೆ ಎರಡು ಕೀಲಿಕೈ ಇರುತ್ತವಂತೆ. ಒಂದು ಇವರ ಹತ್ತಿರ, ಇನ್ನೊಂದು ಮ್ಯಾನೇಜರರ ಹತ್ತಿರ. ಇಬ್ಬರೂ ಜೊತೆಗೆ ನಿಂತರೆ ಮಾತ್ರ ಬಾಗಿಲು ತೆರೆಯುತ್ತದೆ. ನಿವೃತ್ತಿಯ ದಿನ ಉಳಿದವರು ಶಾಲು, ಹಾರ ಹೊತ್ತುಕೊಂಡು ಮನೆಗೆ ಬಂದರೆ ನಮ್ಮ ಮಾವ ಈ ತತ್ವವನ್ನು ಹೊತ್ತುಕೊಂಡು ಬಂದರು: ಒಬ್ಬನೇ ಮನುಷ್ಯನ ಕೈಗೆ ಪೂರ್ತಿ ಕೀಲಿಕೈ ಸಿಗಬಾರದು!

ಒಮ್ಮೆ ಹಲಕುಂದಿ ಮಠಕ್ಕೆ ಹೋಗಿದ್ದೆವು. ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೋದರೆ ಮಾವ ಮಾತ್ರ ಒಂದು ಚಪ್ಪಲಿಯನ್ನು ಈ ಬಾಗಿಲಲ್ಲಿ ಬಿಟ್ಟು, ಇನ್ನೊಂದನ್ನು ಕಂಕುಳಲ್ಲಿ ಅವಚಿಕೊಂಡು ಸುತ್ತಿ ಹೋಗಿ ಆಚೆ ಬಾಗಿಲಲ್ಲಿ ಬಿಟ್ಟು ಬಂದರು. "ಒಂಟಿ ಚಪ್ಪಲಿ ಯಾವ ಕಳ್ಳ ಒಯ್ತಾನ ಹೇಳು?" ಹೌದಲ್ಲ! ಆದರೆ ದರ್ಶನ, ಪ್ರಸಾದ ಮುಗಿಸಿ ಬಂದಾಗ ಆ ಎರಡನೆಯದು ಎಲ್ಲಿದೆ ಎಂಬುದು ಅವರಿಗೇ ಮರೆತುಹೋಗಿತ್ತು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಕಾಲಲ್ಲಿ ಬಿಸಿ ನೆಲ ಮೆಟ್ಟಿಕೊಂಡು ಆಟೋ ಹತ್ತಿದರು.

"ನೋಡಿದೇನವ್ವ, ಜೋಡಿ ಯಾವ ಕಳ್ಳನ ಕೈಗೂ ಸಿಗಲಿಲ್ಲ."

"ನಿಮ್ಮ ಕೈಗೂ ಸಿಗಲಿಲ್ಲಲ್ರೀ ಮಾವ?"

"ಅದಾ ಖರೇ ಭದ್ರತಿ!"

ಮದುವೆ? ಆಗಲಿಲ್ಲ. ವಯಸ್ಸಿನಲ್ಲಿ ಹೆಣ್ಣು ನೋಡಲು ಹೋದ ಕಡೆಯಲ್ಲೆಲ್ಲ ತಟ್ಟೆಯಲ್ಲಿ ಉಪ್ಪಿಟ್ಟು ಬರುತ್ತಿದ್ದಂತೆ "ಇದನ್ನ ಖರೇನಾ ಹುಡುಗಿನಾ ಮಾಡಿದ್ದೇನ್ರಿ?" ಎಂದು ಕೇಳುತ್ತಿದ್ದರಂತೆ. ಅಂಥವರಿಗೆ ಯಾರು ಹೆಣ್ಣು ಕೊಡುತ್ತಾರೆ? ಹೀಗಾಗಿ ನಮ್ಮ ಹಿಂದಿನ ಓಣಿಯಲ್ಲಿ ಒಬ್ಬರೇ ಇದ್ದಾರೆ. ಊಟ ನಮ್ಮ ಮನೆಯದು. ನನ್ನ ಅವ್ವ ಅವರಿಗೆ ಅಕ್ಕ. ಅವ್ವ ನನ್ನ ಜೊತೆಯಲ್ಲಿಯೇ ಇದ್ದಳು. ದಿನಾ ಬೆಳಿಗ್ಗೆ ತಮ್ಮನಿಗೆ ಫೋನ್ ಮಾಡಿ ಇವತ್ತು ಏನು ಪಲ್ಯ ಎಂದು ವರದಿ ಒಪ್ಪಿಸುವುದು ಅವಳ ಮೊದಲ ಕೆಲಸ.

ಅವ್ವ ಹೋಗಿ ವರ್ಷವಾಗುತ್ತ ಬಂದಿತ್ತು. ಅವಳ ಫೋಟೋಗಳು ಬೇಕಾದಷ್ಟಿವೆ. ದನಿ ಮಾತ್ರ ಎಲ್ಲಿಯೂ ಇರಲಿಲ್ಲ. ಮೊಬೈಲ್ ಹಿಡಿದು ವಿಡಿಯೋ ಮಾಡಲು ಹೋದರೆ ಸೆರಗಿನಿಂದ ಮುಖ ಮುಚ್ಚಿಕೊಂಡು ಬಾಯಿ ಬಿಗಿದು ಕೂರುತ್ತಿದ್ದಳು. ಮಸಾಲೆ ರುಬ್ಬುವಾಗ, ಬಟ್ಟೆ ಮಡಿಸುವಾಗ ಅವಳು ಹೇಗೆ ಕರೆಯುತ್ತಿದ್ದಳು ಎಂದು ನೆನಪಿಸಿಕೊಳ್ಳಲು ಹೋದರೆ ಈಚೀಚೆಗೆ ನನ್ನದೇ ದನಿ ಕೇಳಿಸತೊಡಗಿತ್ತು. ಅದಕ್ಕೆ ನನಗೆ ಹೆದರಿಕೆ. ಇಡೀ ಭೂಮಿಯ ಮೇಲೆ ಅವ್ವನ ದನಿ ಉಳಿದಿದ್ದದ್ದು ಒಂದೇ ಕಡೆ: ನಮ್ಮ ಮಾವನ ಹಾರ್ಡ್ ಡಿಸ್ಕಿನಲ್ಲಿ. ಅದಕ್ಕೆ ಬೀಗ. ಎಂಥ ಬೀಗ ಎಂದು ಹೇಳಲಿಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಮಾವನಿಗೆ ಬರುವ ಹೋಗುವ ಫೋನ್ ಮಾತನ್ನೆಲ್ಲ ರೆಕಾರ್ಡ್ ಮಾಡಿ ಇಡುವ ಅಭ್ಯಾಸವಿತ್ತು. "ನಾಳೆ ಅವರು, ನಾ ಹಂಗ ಅಂದಾ ಇಲ್ಲ ಅಂದ್ರ ಏನು ಮಾಡ್ತಿ? ಸಾಕ್ಷಿ ಬೇಕಲ್ಲ!" ಪಲ್ಯಕ್ಕೆ ಎಂಥ ಸಾಕ್ಷಿ ಎಂದು ನೀವು ಕೇಳಬಹುದು. ಸೋರೆಕಾಯಿ ಎಂದು ಹೇಳಿ ಪಡವಲಕಾಯಿ ಕಳಿಸಿದರೆ? ಆಮೇಲೆ ಹೊಸ ಫೋನ್ ಕೊಂಡರು. ಅದರಲ್ಲಿ ರೆಕಾರ್ಡ್ ಗುಂಡಿ ಒತ್ತಿದರೆ ಒಬ್ಬಳು ಹೆಂಗಸು ನಡುವೆ ಬಾಯಿ ಹಾಕಿ, ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ ಎಂದು ಇಂಗ್ಲಿಷಿನಲ್ಲಿ ಸಾರಿಬಿಡುತ್ತಾಳೆ. ಅವ್ವನಿಗೆ ಇಂಗ್ಲಿಷ್ ಬಾರದು, ಹೆಣ್ಣು ದನಿ ಮಾತ್ರ ಚೆನ್ನಾಗಿ ತಿಳಿಯಿತು. "ಯಾರ್‍ಲೇ ಅಕಿ ನಿನ್ನ ಮನ್ಯಾಗ? ಈ ವಯಸ್ಸಿನ್ಯಾಗ?" ಎಂದು ಓಣಿ ದಾಟಿ ವಿಚಾರಣೆಗೆ ಹೋಗಿಬಿಟ್ಟಳು! ಮಂಚದ ಕೆಳಗೂ ಬಗ್ಗಿ ನೋಡಿದಳಂತೆ. ಅಂದಿನಿಂದ ರೆಕಾರ್ಡಿಂಗ್ ಬಂದ್. ಹಳೆ ಫೋನಿನಲ್ಲಿದ್ದದ್ದೆಲ್ಲ ಹಾರ್ಡ್ ಡಿಸ್ಕಿಗೆ ಹೋಯಿತು, ಹಳೆ ಫೋನು ಮಾವನ ಸುತ್ತಿಗೆಗೆ ಹೋಯಿತು. ಗುಜರಿಯವನಿಗೆ ಇಡಿಯಾಗಿ ಕೊಟ್ಟರೆ ಒಳಗಿನದನ್ನೆಲ್ಲ ಕೇಳಿಸಿಕೊಂಡಾನು ಎಂದು!

ಡಿಸ್ಕಿಗೆ ಬೀಗ ಹಾಕಿಸಲು ಕಂಪ್ಯೂಟರ್ ಅಂಗಡಿಯಾತನನ್ನು ತಮ್ಮ ಮನೆಗೇ ಕರೆಸಿದರು. ಆತ ತಾಳ್ಮೆಯ ಮನುಷ್ಯ. ನನಗೂ ಅರ್ಥವಾಗುವ ಹಾಗೆ ಹೇಳಿದ: "ಜೋಳ ಬೀಸಿ ಹಿಟ್ಟು ಮಾಡಿದಂಗ್ರಿ ಅಕ್ಕ. ಕದ್ದವನಿಗೆ ಬರೀ ಹಿಟ್ಟು. ಪಾಸ್‌ವರ್ಡ್ ಗೊತ್ತಿದ್ದವರಿಗೆ ಮಾತ್ರ ಹಿಟ್ಟು ತಿರುಗಿ ಜೋಳ ಆಗತೈತಿ." ನನಗೆ ಬಹಳ ಹಿಡಿಸಿತು. ನಮ್ಮ ಗಿರಣಿಯವನಿಗೆ ಇದು ಬಂದಿದ್ದರೆ ಎಷ್ಟು ಉಪಕಾರವಾಗುತ್ತಿತ್ತು!

"ತುಂಬಿದ ಜಾಗಕ್ಕಷ್ಟಾ ಹಾಕಿದ್ರ ಬೇಗ ಆಗತೈತ್ರಿ ಸಾರ್. ಪೂರ್ತಿ ಡಿಸ್ಕಿಗೆ ಅಂದ್ರ ಸಂಜಿ ಆಗತೈತಿ. ಇದರಾಗ ಮುಕ್ಕಾಲು ಖಾಲಿನಾ ಐತಿ."

"ಖಾಲಿ ಜಾಗಕ್ಕೂ ಹಾಕು."

"ಖಾಲಿ ಜಾಗದಾಗ ಏನೈತ್ರಿ ಸಾರ್ ಕದಿಯಾಕ?"

"ಖಾಲಿ ಅಂತ ನಿನಗ ಯಾರು ಹೇಳಿದ್ರು?" ಎಂದು ಮಾವ ಕಣ್ಣು ಸಣ್ಣ ಮಾಡಿದರು.

ಅಂಗಡಿಯಾತ ತಲೆ ಕೆರೆದುಕೊಂಡು, ಅಳಿಸಿದ ಫೈಲುಗಳು ಖಾಲಿ ಕಾಣುವ ಜಾಗದಲ್ಲಿ ಹಾಗೆಯೇ ಉಳಿದಿರುವುದುಂಟು, ಬಲ್ಲವರು ಅದನ್ನು ಹೊರಗೆ ತೆಗೆಯಬಹುದು ಎಂದು ಒಪ್ಪಿಕೊಂಡ. ಮಾವ ನನ್ನ ಕಡೆ ತಿರುಗಿ ನೋಡಿದ ನೋಟ ಇದೆಯಲ್ಲ, ಜೀವಮಾನದ ಗುಮಾನಿಗೆಲ್ಲ ಅಂದೇ ಸರ್ಕಾರದ ಮೊಹರು ಬಿದ್ದ ಹಾಗಿತ್ತು!

ಇನ್ನು ಪಾಸ್‌ವರ್ಡ್. ಇಲ್ಲಿ ಉಳಿದಿಬ್ಬರನ್ನು ಕರೆತರಬೇಕು. ಅವ್ವನ ಬೆನ್ನಿಗೆ ಹುಟ್ಟಿದವರು ಮೂವರು: ಈ ಮಾವ, ಆಮೇಲೆ ಕುರುಗೋಡಿನ ಚಿಗವ್ವ, ಕೊನೆಗೆ ಸಿರುಗುಪ್ಪದ ಸಣ್ಣ ಮಾವ. ಚಿಗವ್ವ, ಸಣ್ಣ ಮಾವನ ನಡುವೆ ಮಾತಿಲ್ಲ. ಚಿಗವ್ವ ಕುರುಗೋಡಿನಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ ದಿನ ಸಣ್ಣ ಮಾವ ಹೋಳಿಗೆ ಊಟ ಮಾಡಿ, ಕೈ ತೊಳೆದು, ಎಲ್ಲರೆದುರು "ಬಾಗಲಾ ಈ ಕಡೆ ಇಡಬಾರದಿತ್ತು" ಎಂದುಬಿಟ್ಟರು. ಅಷ್ಟೇ! ಆ ಬಾಗಿಲು ಅವತ್ತೇ ಸಣ್ಣ ಮಾವನಿಗೆ ಮುಚ್ಚಿತು.

ನಮ್ಮ ಮಾವ ಪಾಸ್‌ವರ್ಡಿನ ಅರ್ಧ ಒಬ್ಬರಿಗೆ, ಅರ್ಧ ಇನ್ನೊಬ್ಬರಿಗೆ ಎಂದು ಹಂಚಿದ್ದು ಇವರಿಬ್ಬರಿಗೆ!

"ಬ್ಯಾರೆ ಯಾರೂ ಸಿಗಲಿಲ್ಲೇನ್ರಿ?" ಎಂದೆ.

"ಇಬ್ಬರು ಕೂಡಿ ಸಂಚು ಮಾಡಬೇಕಂದ್ರ ಮೊದಲು ಮಾತಾಡಬೇಕಲ್ಲವ್ವ. ಇವರು ಮಾತಾಡಂಗಿಲ್ಲ. ಇದಕ್ಕಿಂತ ಗಟ್ಟಿ ಕೀಲಿ ಎಲ್ಲೈತಿ?"

"ಮತ್ತ ನಿಮಗ?"

"ನನಗ್ಯಾಕ? ನಾಳೆ ನನ್ನ ಬುದ್ಧಿನಾ ಕೆಟ್ರ? ನನ್ನ ಮ್ಯಾಲೂ ಒಂದು ಕಣ್ಣಿರಬೇಕು."

ಅವರು ತಮ್ಮನ್ನೂ ಗುಮಾನಿಯ ಲಿಸ್ಟಿನಿಂದ ಬಿಟ್ಟಿಲ್ಲ ಎಂಬುದು ನನಗೆ ಅವತ್ತೇ ತಿಳಿದದ್ದು.

ಏನೋ ನೆಪ ಹೇಳಿ ಅವ್ವ ಇಬ್ಬರನ್ನೂ ಮಾವನ ಮನೆಗೇ ಊಟಕ್ಕೆ ಕರೆದಳು. ನಿಯಮ ಏನಪ್ಪ ಎಂದರೆ, ಒಬ್ಬರು ತಮ್ಮ ಅರ್ಧ ಒತ್ತುವಾಗ ಇನ್ನೊಬ್ಬರು ಅಡುಗೆಮನೆಯಲ್ಲಿ ಅವ್ವನ ಕಾವಲಿನಲ್ಲಿ ಇರಬೇಕು. ಅಂಗಡಿಯಾತ ಕಟ್ಟೆಯ ಮೇಲೆ. ನಾನು ಮಾಳಿಗೆಯ ಮೇಲೆ, ಒಣಹಾಕಿದ ಮೆಣಸಿನಕಾಯಿಯ ಜೊತೆ. ಮಾವ ಮಾತ್ರ ಕೋಣೆಯಲ್ಲಿ, ಕಿವಿಗೆ ಹತ್ತಿ ತುರುಕಿಕೊಂಡು, ಕ್ಯಾಲೆಂಡರಿಗೆ ಮುಖ ಮಾಡಿ! ಸಣ್ಣ ಮಾವ ಒತ್ತಿ ಒಳಗೆ ಹೋದರು. ಚಿಗವ್ವ ಬಂದು ಒತ್ತಿದಳು. ಎಲ್ಲರೂ ಉಸಿರು ಬಿಟ್ಟರು. ಸಣ್ಣ ಮಾವ ಊಟಕ್ಕೂ ಕೂರದೆ ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ಹೊರಟೂಬಿಟ್ಟರು. ಆಗ ಅಂಗಡಿಯಾತ ಪರದೆ ನೋಡಿ ಮೆಲ್ಲಗೆ ಹೇಳಿದ, "ಸಾರ್, ಕೆಳಗಿನ ಡಬ್ಬಿಯೊಳಗ ಇನ್ನೊಮ್ಮೆ ಅದನ್ನಾ ಒತ್ತಬೇಕ್ರಿ. ಖಾತ್ರಿಗೆ."

ನಮ್ಮ ಮಾವನಿಗಿಂತ ಗುಮಾನಿಯ ಪ್ರಾಣಿ ಜಗತ್ತಿನಲ್ಲಿ ಇನ್ನೊಂದಿದೆ ಎಂದು ಗೊತ್ತಾದದ್ದು ಹಾಗೆ! ಸಿರುಗುಪ್ಪದ ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದಿದ್ದ ಸಣ್ಣ ಮಾವನನ್ನು ಇಳಿಸಿ ಕರೆತಂದು, ಮತ್ತೆ ಅಡುಗೆಮನೆ, ಮತ್ತೆ ಹತ್ತಿ, ಮತ್ತೆ ಕ್ಯಾಲೆಂಡರ್. ಅವತ್ತೊಂದು ಸಂಗತಿ ನಡೆಯಿತು. ಎರಡನೆಯ ಸರದಿ ಮುಗಿದು ಅಡುಗೆಮನೆಯಿಂದ ಹೊರಗೆ ಬಂದ ಸಣ್ಣ ಮಾವನ ಮುಖ ಹಾಗಲಕಾಯಿಯ ಹಾಗಿತ್ತು. ಬಸ್ಸಿನ ಸೀಟು ಹೋದದ್ದಕ್ಕೆ ಎಂದುಕೊಂಡು ನಾನು ಮಜ್ಜಿಗೆ ಕೊಟ್ಟೆ. ಕುಡಿಯಲಿಲ್ಲ.

ಕೊನೆಗೆ ಅಂಗಡಿಯಾತ ಒಂದು ಕಾಗದ ಪ್ರಿಂಟ್ ತೆಗೆದು ಕೊಟ್ಟ. ಉದ್ದಕ್ಕೆ ಬರೀ ಅಂಕಿ. "ಇದು ಬದಲಿ ಕೀಲಿಕೈ ಸಾರ್. ಪಾಸ್‌ವರ್ಡ್ ಮರೆತ್ರ ಇದೊಂದಾ ದಾರಿ. ಇದೂ ಇಲ್ಲಾಂದ್ರ ಯಾರ ಕೈಲೂ ತೆಗಿಯಾಕ ಆಗಂಗಿಲ್ಲ. ಜ್ವಾಕಿ."

"ಮನಿ ಕಟ್ಟಿದ ಗೌಂಡಿ, ಹಿತ್ತಲಾಗ ಇನ್ನೊಂದು ಬಾಗಲಾ ಇಟ್ಟೀನಿ, ಇರಲಿ ಅಂದ್ರ ನೀ ಸುಮ್ನಿರ್ತೀಯೇನಪ್ಪ?"

"ಬಾಬೋಯ್! ಇದು ನಿಮ್ಮ ಒಳ್ಳೇದಕ್ಕಾ ಸಾರ್..."

"ಎಲ್ಲಾ ಕಳ್ಳರೂ ಹಂಗಾ ಅಂತಾರ."

ಆ ಕಾಗದವನ್ನು ಬಕೆಟ್ಟಿನ ನೀರಿನಲ್ಲಿ ನೆನೆಹಾಕಿ, ದೋಸೆ ಹಿಟ್ಟಿನ ಹಾಗೆ ಕಲಸಿ, ನಮ್ಮ ಹಿತ್ತಲಿನ ಕರಿಬೇವಿನ ಬುಡಕ್ಕೆ ಹೂತುಬಂದರು. ಆ ವರ್ಷ ಕರಿಬೇವು ಎಷ್ಟು ಸೊಂಪಾಗಿ ಬಂತೆಂದರೆ ಓಣಿಗೆಲ್ಲ ಹಂಚಿದೆವು. ಮಾವನ ಗುಟ್ಟನ್ನು ಎಲ್ಲರೂ ಮಂಡಕ್ಕಿ ಒಗ್ಗರಣೆಯಲ್ಲಿ ಹಾಕಿಕೊಂಡು ತಿಂದರು.

ಆಮೇಲೆ ಅವ್ವ ಹೋದಳು. ಆ ದಿನ ಮನೆಯಲ್ಲಿ ಚಿಗವ್ವ, ಸಣ್ಣ ಮಾವ ಇಬ್ಬರೂ ಇದ್ದರು. ಒಬ್ಬರು ಪಡಸಾಲೆಯಲ್ಲಿ ಅತ್ತರು, ಇನ್ನೊಬ್ಬರು ಹಿತ್ತಲಲ್ಲಿ ಅತ್ತರು.

ವರ್ಷದ ಪುಣ್ಯಸ್ಮರಣೆ ಹತ್ತಿರ ಬಂದಾಗ ನಾನು ಮಾವನಿಗೆ ಕೇಳಿಯೇಬಿಟ್ಟೆ. "ಮಾವ, ಆ ಡಿಸ್ಕ್ ತೆಗಸೋಣ್ರಿ. ಒಮ್ಮೆ ಅವ್ವನ ದನಿ ಕೇಳಬೇಕು." ಮಾವ ನನ್ನ ಮುಖವನ್ನೇ ಸ್ವಲ್ಪ ಹೊತ್ತು ಪರೀಕ್ಷಿಸಿದರು. ಇದರ ಹಿಂದೆ ಬೇರೆ ಏನಾದರೂ ಇದೆಯೇ ಎಂದು. ಏನೂ ಇರಲಿಲ್ಲ. "ಅವರಿಬ್ಬರೂ ಬರಬೇಕಲ್ಲವ್ವ" ಎಂದರು. ಮೊದಲ ಸಲ ಅವರ ಭದ್ರತೆ ಅವರಿಗೇ ಭಾರವಾದ ಹಾಗೆ ಕಂಡಿತು.

ಕುರುಗೋಡಿಗೆ ಫೋನ್ ಮಾಡಿದೆ.

"ಅಂವ ಬರ್ತಾನೇನು?"

"ಬರ್ತಾರ ಚಿಗವ್ವ. ಇಬ್ಬರೂ ಬೇಕು."

"ಹಂಗಾರ ಅಂವ ಮೊದಲು ಬಂದು ಒತ್ತಿ ಹೋಗಲಿ. ನಾ ಮರುದಿನ ಬರ್ತೀನಿ."

ಸಿರುಗುಪ್ಪಕ್ಕೆ ಮಾಡಿದರೆ ಸಣ್ಣ ಮಾವ, "ನಾ ಫೋನಿನ್ಯಾಗ ನಿನಗ ಹೇಳಬಹುದು. ಆದ್ರ ನೀ ಆಕಿಗೆ ಹೇಳಂಗಿಲ್ಲ ಅಂತ ಏನು ಗ್ಯಾರಂಟಿ?" ಎಂದರು. ಗುಮಾನಿ ಎನ್ನುವುದು ನಮ್ಮ ವಂಶದ ಸಕ್ಕರೆ ಕಾಯಿಲೆ, ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ!

"ನನಗ ಅವ್ವನ ದನಿ ಮರಿಯಾಕತ್ತೈತ್ರಿ" ಎಂದೆ ಇಬ್ಬರಿಗೂ. ಇಬ್ಬರೂ ಬಂದರು.

ಪೂಜೆ, ಊಟ ಮುಗಿದ ಮೇಲೆ ಎಲ್ಲರೂ ಹಿಂದಿನ ಓಣಿಗೆ ಹೋಗಿ ಮಾವನ ಕೋಣೆ ಸೇರಿದೆವು. ಅಂಗಡಿಯಾತ ಡಿಸ್ಕ್ ಜೋಡಿಸಿಕೊಟ್ಟು, ಹಳೆಯದನ್ನು ನೆನೆದು ತಾನಾಗಿಯೇ ಕಟ್ಟೆಗೆ ಹೋಗಿ ಕೂತ. ಸಣ್ಣ ಮಾವ ಟವೆಲ್ಲಿನಿಂದ ಕೀಬೋರ್ಡ್ ಮುಚ್ಚಿಕೊಂಡು, ಕೈ ಒಳಗೆ ತೂರಿಸಿ, ತಮ್ಮ ಪಾಲು ಟಕಟಕ ಒತ್ತಿದರು. ಚಿಗವ್ವ ಸೆರಗು ಮರೆ ಮಾಡಿ ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತಿದಳು.

ತಪ್ಪು, ಎಂದಿತು ಪರದೆ.

"ಅವನಿಗೆ ಸರಿಯಾಗಿ ಒತ್ತಾಕ ಹೇಳವ್ವ" ಎಂದಳು ಚಿಗವ್ವ, ನನಗೆ.

"ನಂದು ಸರಿ ಐತಿ ಅಂತ ಆಕಿಗೆ ಹೇಳವ್ವ" ಎಂದರು ಸಣ್ಣ ಮಾವ, ನನಗೇ.

ಮತ್ತೆ ಟವೆಲ್ಲು, ಮತ್ತೆ ಸೆರಗು. ಮತ್ತೆ ತಪ್ಪು. "ಬೇಕಂತ ಮಾಡಾಕತ್ತಾನ" ಎಂದಳು ಈಕೆ. "ನನ್ನ ಮ್ಯಾಲಿನ ಸಿಟ್ಟು ಸತ್ತ ಅಕ್ಕನ ಮ್ಯಾಲೆ ತೀರಿಸಾಕತ್ತಾಳ" ಎಂದರು ಅವರು. ನಮ್ಮ ಮಾವ ಇಬ್ಬರನ್ನೂ ಬಿಟ್ಟು ಕಂಪ್ಯೂಟರನ್ನೇ ಗುಮಾನಿಯಿಂದ ನೋಡುತ್ತಿದ್ದರು. ಅವ್ವ ಆ ಕಪ್ಪು ಡಬ್ಬಿಯೊಳಗೆ ಹಿಟ್ಟಾಗಿ ಕೂತಿದ್ದಾಳೆ, ಜೋಳ ಮಾಡಬಲ್ಲವರು ಇಲ್ಲಿ ಟವೆಲ್ಲಿನ ಕೆಳಗೆ ಜಗಳ ಆಡುತ್ತಿದ್ದಾರೆ!

ಆಗ ಚಿಗವ್ವ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕಿವಿಯಲ್ಲಿ ಹೇಳಿದಳು: "ನನಗ ನೆನಪಿಲ್ಲವ್ವ. ಆವತ್ತು ಅವನ ಮ್ಯಾಲೆ ಸಿಟ್ಟಿತ್ತಲ್ಲ, ಅವನಿಗೊಂದು ಬೈಗುಳಾ ಒತ್ತಿದ್ದೆ. ಈಗ ಯಾವ ಬೈಗುಳಾ ಅನ್ನೋದಾ ಹೊಳಿವಲ್ದು. ಕತ್ತೆ ಅಂತ ಒತ್ತಿದೆ, ಗೂಬಿ ಅಂತ ಒತ್ತಿದೆ. ಅದಲ್ಲ." ಕಣ್ಣಲ್ಲಿ ನೀರು. ಬೈಗುಳ ಮರೆತದ್ದಕ್ಕೆ ಅಳುವ ಹೆಂಗಸನ್ನು ನಾನು ಮೊದಲ ಸಲ ನೋಡಿದ್ದು!

ಇಬ್ಬರೂ ಹೊರಗೆ ಬಂದೆವು. ಚಿಗವ್ವ ಮತ್ತೆ ಕೀಬೋರ್ಡಿನ ಮುಂದೆ ಕೂತಳು. ಬೆರಳು ಗಾಳಿಯಲ್ಲಿ ನಿಂತಿತ್ತು. ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ ಸಣ್ಣ ಮಾವ ಎರಡು ಸಲ ಕೆಮ್ಮಿದರು. ಆಮೇಲೆ, ಯಾರನ್ನೂ ನೋಡದೆ, ಗಟ್ಟಿಯಾಗಿ ಹೇಳಿದರು:

"ಮಂಗ್ಯಾನಮೂತಿ."

"ಏನಂದಿ?" ಚಿಗವ್ವ ತಿರುಗಿದಳು. ಗೃಹಪ್ರವೇಶದ ನಂತರ ತಮ್ಮನಿಗೆ ಅವಳು ಆಡಿದ ಮೊದಲ ಮಾತು ಅದು.

"ಮಂಗ್ಯಾನಮೂತಿ ಅಂತ ಒತ್ತು, ಸಣ್ಣಕ್ಕ. ಅದಾ ನೀ ಒತ್ತಿದ್ದು."

"ಅಯ್ಯ! ಅಡಗಿಮನ್ಯಾಗಿಂದ ಹಣಿಕಿ ನೋಡಿದ್ಯಾ? ಕಳ್ಳ!"

"ಹಣಿಕಿ ನೋಡೋದ್ಯಾಕ? ಒಂದೊಂದು ಅಕ್ಷರಾನೂ ಬಾಯಿಲೆ ಒದರಿಕೋತ ಒತ್ತತಿದ್ದಿ. ಎಮ್ಮು ಎಲ್ಲೈತಿ, ಎಮ್ಮು ಎಲ್ಲೈತಿ ಅಂತ! ಅಡಗಿಮನಿಗೆಲ್ಲ ಕೇಳಿಸ್ತು. ಅಕ್ಕ ಬಾಯಿಗೆ ಸೆರಗು ಇಟ್ಕೊಂಡು ನಕ್ಕಳು. ನನಗ ಅದಕ್ಕಾ ಜಾಸ್ತಿ ಸಿಟ್ಟು ಬಂದಿತ್ತು."

"ನಾ ಹೇಳಿರಲಿಲ್ಲೇನು!" ಎಂದು ನಮ್ಮ ಮಾವ ಎದ್ದುನಿಂತರು. "ಒಬ್ಬರ ಕೀಲಿ ಒಬ್ಬರು ಕದ್ದಾ ಕದೀತಾರ ಅಂತ ನಾ ಹೇಳಿರಲಿಲ್ಲೇನು!" ಅವರ ಮುಖದಲ್ಲಿ ಎಂಥ ಆನಂದ! ಇಡೀ ಭದ್ರತೆ ಮಣ್ಣುಪಾಲಾಗಿದೆ, ಅನುಮಾನ ಮಾತ್ರ ಗೆದ್ದಿದೆ.

"ಈಗ ಸುಮ್ನ ಕುಂದ್ರಣ್ಣ ನೀನು" ಎಂದು ಇಬ್ಬರೂ ಒಟ್ಟಿಗೆ ಗದರಿಸಿದರು.

ಸಣ್ಣ ಮಾವ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡೇ ತಮ್ಮ ಪಾಲು ಒತ್ತಿದರು. ಚಿಗವ್ವ ಸೆರಗು ಸಿಕ್ಕಿಸಿಕೊಂಡು ಒತ್ತಿದಳು, ಗಟ್ಟಿಯಾಗಿ ಒದರಿಕೊಳ್ಳುತ್ತಲೇ. ಎಮ್ಮು ಎಲ್ಲಿದೆ ಎಂದು ಸಣ್ಣ ಮಾವ ಬೆರಳು ಹಿಡಿದು ತೋರಿಸಿದರು.

ಬೀಗ ಬಿಚ್ಚಿತು.

ಪರದೆಯ ತುಂಬ ಸಾಲು ಸಾಲು ಕರೆಗಳು. ಹಾಲಿನವನದು, ಗ್ಯಾಸಿನವನದು, ನಡುನಡುವೆ ಅಕ್ಕ, ಅಕ್ಕ, ಅಕ್ಕ. ಮಾವ ಯಾವುದನ್ನೂ ಆರಿಸಲಿಲ್ಲ. ನನ್ನ ಕಡೆ ನೋಡಿದರು. ನಾನು ಕಣ್ಣಿಗೆ ಬಿದ್ದ ಒಂದನ್ನು ಒತ್ತಿದೆ. ಮೊದಲು ಎಲ್ಲಿಯೋ ಕೊಡ ಇಳಿಸಿದ ಸದ್ದು. ಆಮೇಲೆ ಅವ್ವ.

"ಹಲೋ, ನಾನೋ."

"ನಾನು ಅಂದ್ರ ಯಾರು?" ಇದು ಮಾವನ ದನಿ, ಅಂದಿನದು, ಬಿರುಸಾಗಿ.

"ನಿಮ್ಮಕ್ಕನೋ."

"ಅಕ್ಕ ಅಂತ ಯಾರು ಬೇಕಾದ್ರೂ ಹೇಳಬಹುದು. ದನಿ ಬ್ಯಾರೆ ಐತಿ."

"ನೆಗಡಿ ಆಗೇತೋ ಹುಚ್ಚಪ್ಪ. ಬದನಿಕಾಯಿ ಎಣ್ಣಿಗಾಯಿ ಮಾಡೀನಿ, ಬಿಸಿ ಐತಿ. ಮನ್ಯಾಗ ಅದಿಯೇನು?"

"ಅದು ಆಮ್ಯಾಲೆ. ನೀನಾ ನಮ್ಮಕ್ಕ ಅಂತ ನಾ ಹೆಂಗ ನಂಬಬೇಕು?"

ಡಬ್ಬಿಯೊಳಗೆ ಅವ್ವ ನಗತೊಡಗಿದಳು. ಕೆಮ್ಮು ಬೆರೆತ ನಗು, ನಿಲ್ಲುತ್ತಲೇ ಇಲ್ಲ. ಅದು ಮುಗಿಯಲೆಂದು ಯಾರೂ ಕಾಯುತ್ತಿರಲಿಲ್ಲ. ನಮ್ಮ ಮಾವ ಮಾತ್ರ ಕುರ್ಚಿಯಿಂದ ಬಗ್ಗಿ, ಸ್ಪೀಕರಿನ ಹತ್ತಿರ ಬಾಯಿ ತಂದು, ಬೇರೆ ಯಾರಿಗೂ ಕೇಳಬಾರದು ಎಂಬಷ್ಟು ಮೆಲ್ಲಗೆ ಹೇಳಿದರು:

"ನಂಬಿದೆ ಅಕ್ಕ. ನೀನಾ ಅದಿ. ಹೇಳು."